ವೈದ್ಯರ ಭೇಟಿಯಲ್ಲಿ ದುಭಾಷಿಯ ನೆರವು ಮತ್ತು ಹೃದಯದ ಆರೋಗ್ಯ: ಯಾದಗಿರಿ ಜಿಲ್ಲೆಯ ಸಂದರ್ಭದಲ್ಲಿ ಒಂದು ವಿಶ್ಲೇಷಣೆ

ಪೀಠಿಕೆ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೆ ಒಂದರಂತೆ ಬಂದಾಗ ರಾಜ್ಯದಾದ್ಯಂತ ಆತಂಕ ಉಂಟಾಯಿತು. ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವುಗಳು ವರದಿಯಾದವು. ಬೆಂಗಳೂರು ಮತ್ತು ಮೈಸೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನರ ಸಾಲು ಬೆಳೆಯಿತು. ರಾಜ್ಯ ಸರ್ಕಾರವು ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಹಾಗೂ ಸಂಶೋಧನಾ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಹೊರಬಂದ ಸಮಿತಿಯ ವರದಿಯು ಸಾವುಗಳ ಸಂಖ್ಯೆಯಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದೂ, ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಂಡುಬಂದಿಲ್ಲವೆಂದೂ ತಿಳಿಸಿತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂಬ ನಿರ್ಧಾರವೂ ಆಗ ಪ್ರಕಟವಾಯಿತು.

ಆ ದಿನಗಳ ಚರ್ಚೆಯಲ್ಲಿ ಇಸಿಜಿ ಯಂತ್ರಗಳು, ಚುಚ್ಚುಮದ್ದು, ತಜ್ಞ ವೈದ್ಯರ ಕೊರತೆ ಮತ್ತು ಆಸ್ಪತ್ರೆಗಳ ಅಂತರ ಇವೆಲ್ಲವೂ ಬಂದವು. ಆದರೆ ಚಿಕಿತ್ಸೆಯ ಮೊದಲ ಕೊಂಡಿಯಾದ ರೋಗಿಯ ಮಾತು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ತನಗೆ ಏನಾಗುತ್ತಿದೆ ಎಂಬುದನ್ನು ರೋಗಿಯು ವೈದ್ಯರಿಗೆ ತಿಳಿಯುವಂತೆ ಹೇಳಲು ಆಗದಿದ್ದರೆ, ಮತ್ತು ವೈದ್ಯರು ಹೇಳಿದ್ದು ರೋಗಿಗೆ ತಿಳಿಯದಿದ್ದರೆ, ಉಳಿದ ಸೌಲಭ್ಯಗಳ ಪ್ರಯೋಜನ ಅರ್ಧಕ್ಕೇ ನಿಲ್ಲುತ್ತದೆ. ಹಲವು ಭಾಷೆಗಳನ್ನಾಡುವ ಜನರು ಒಟ್ಟಾಗಿ ಬಾಳುತ್ತಿರುವ ಯಾದಗಿರಿ ಜಿಲ್ಲೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ಜಿಲ್ಲೆಯ ಭಾಷಾ ಸನ್ನಿವೇಶ

ಯಾದಗಿರಿಯು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು 2010ರಿಂದ ಪ್ರತ್ಯೇಕ ಜಿಲ್ಲೆಯಾಗಿ ಕಾರ್ಯನಿರ್ವಹಿಸುತ್ತಿದೆ. ಯಾದಗಿರಿ, ಶಹಾಪುರ ಮತ್ತು ಸುರಪುರ ಎಂಬ ಮೂರು ಮೂಲ ತಾಲ್ಲೂಕುಗಳ ಜೊತೆಗೆ ನಂತರ ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ತಾಲ್ಲೂಕುಗಳು ರಚನೆಯಾದವು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ ಸುಮಾರು 11.74 ಲಕ್ಷ. ಸಾಕ್ಷರತೆಯ ಪ್ರಮಾಣ ಶೇಕಡಾ 52ರ ಆಸುಪಾಸಿನಲ್ಲಿದ್ದು, ಆ ಗಣತಿಯಲ್ಲಿ ರಾಜ್ಯದ ಜಿಲ್ಲೆಗಳ ಪೈಕಿ ಕೊನೆಯ ಸ್ಥಾನದಲ್ಲಿತ್ತು.

ಜಿಲ್ಲೆಯ ಬಹುಪಾಲು ಜನರ ಮಾತು ಕನ್ನಡವೇ ಆಗಿದೆ. ಆದರೆ 1948ರವರೆಗೆ ಈ ಪ್ರದೇಶವು ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿದ್ದ ಕಾರಣ ಉರ್ದು ಮತ್ತು ದಖನಿ ಮಾತು ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ನೆಲೆಯೂರಿದೆ. ತೆಲಂಗಾಣದ ಗಡಿಗೆ ಹೊಂದಿಕೊಂಡ ಗುರುಮಠಕಲ್ ಭಾಗದಲ್ಲಿ ತೆಲುಗು ಮನೆಮಾತಾಗಿರುವ ಕುಟುಂಬಗಳಿವೆ. ತಾಂಡಾಗಳಲ್ಲಿ ಲಂಬಾಣಿ ಭಾಷೆ ಬಳಕೆಯಲ್ಲಿದೆ. ಲಂಬಾಣಿ ಭಾಷೆಗೆ ತನ್ನದೇ ಲಿಪಿ ಇಲ್ಲದಿರುವುದರಿಂದ ಔಷಧದ ಚೀಟಿಯ ಬರಹ ಯಾವ ಲಿಪಿಯಲ್ಲಿದ್ದರೂ ಶಾಲೆಯ ಮೆಟ್ಟಿಲು ಹತ್ತದ ಹಿರಿಯರಿಗೆ ಅದು ತಲುಪುವುದು ಬಾಯಿಮಾತಿನ ಮೂಲಕವೇ.

ಹೀಗಾಗಿ ಯಾದಗಿರಿ ತಾಲ್ಲೂಕಿನ ಮುದನಾಳದಂತಹ ಗ್ರಾಮದಿಂದ ಅಥವಾ ಸುತ್ತಲಿನ ತಾಂಡಾಗಳಿಂದ ಆಸ್ಪತ್ರೆಗೆ ಬರುವ ರೋಗಿಗಳ ಮನೆಮಾತು ಒಂದೇ ಆಗಿರಬೇಕೆಂದಿಲ್ಲ. ವೈದ್ಯರ ಕಡೆಯಲ್ಲಿಯೂ ಇದೇ ಸ್ಥಿತಿ ಇದೆ. ರಾಜ್ಯದ ದಕ್ಷಿಣ ಜಿಲ್ಲೆಗಳಿಂದ ಬಂದ ವೈದ್ಯರಿಗೆ ಕನ್ನಡ ಬಂದರೂ ಇಲ್ಲಿಯ ಕನ್ನಡದ ಕೆಲವು ಮಾತುಗಳು ಹೊಸವಾಗಿರುತ್ತವೆ. 2022-23ನೇ ಸಾಲಿನಲ್ಲಿ ಆರಂಭವಾದ ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಅಖಿಲ ಭಾರತ ಕೋಟಾದಡಿ ಹೊರರಾಜ್ಯಗಳ ವಿದ್ಯಾರ್ಥಿಗಳೂ ಪ್ರವೇಶ ಪಡೆಯಬಹುದಾಗಿದ್ದು, ಮುಂದಿನ ವರ್ಷಗಳಲ್ಲಿ ವಾರ್ಡುಗಳಲ್ಲಿ ರೋಗಿಯನ್ನು ಮೊದಲು ಮಾತನಾಡಿಸುವವರು ಅವರೇ ಆಗಿರಬಹುದು.

ಇನ್ನೊಂದು ಮುಖವೂ ಗಮನಾರ್ಹ. ಕೂಲಿಯನ್ನರಸಿ ಬೆಂಗಳೂರು, ಹೈದರಾಬಾದ್, ಪುಣೆ ಮತ್ತು ಮುಂಬಯಿಗೆ ಗುಳೆ ಹೋಗುವ ಜಿಲ್ಲೆಯ ಕಾರ್ಮಿಕರು ಅಲ್ಲಿಯ ಆಸ್ಪತ್ರೆಗಳಲ್ಲಿ ತಾವೇ ಭಾಷೆ ಬಾರದವರಾಗಿ ನಿಲ್ಲಬೇಕಾಗುತ್ತದೆ. ಇಲ್ಲಿ ಲಂಬಾಣಿ ವೃದ್ಧೆಗೆ ಎದುರಾಗುವ ತೊಡಕೇ ಅಲ್ಲಿ ಕನ್ನಡ ಮಾತನಾಡುವ ಕಾರ್ಮಿಕರಿಗೂ ಎದುರಾಗುತ್ತದೆ.

ಹೃದ್ರೋಗದಲ್ಲಿ ಮಾತಿನ ಮಹತ್ವ

ಮೂಳೆ ಮುರಿದರೆ ಎಕ್ಸ್-ರೇ ತೋರಿಸುತ್ತದೆ. ಹೃದಯದ ತೊಂದರೆಯಲ್ಲಿ ಇಸಿಜಿ ಮತ್ತು ರಕ್ತ ಪರೀಕ್ಷೆಗಳು ಅತ್ಯಗತ್ಯವಾದರೂ ಅವುಗಳನ್ನು ಯಾವಾಗ ಮಾಡಬೇಕು, ಫಲಿತಾಂಶವನ್ನು ಹೇಗೆ ಅರ್ಥೈಸಬೇಕು ಎಂಬುದು ರೋಗಿಯ ವಿವರಣೆಯನ್ನು ಅವಲಂಬಿಸಿದೆ. ಹೃದಯಾಘಾತದ ಆರಂಭದಲ್ಲಿ ಇಸಿಜಿ ಸಹಜವಾಗಿ ಕಾಣುವ ಸಂದರ್ಭಗಳೂ ಇವೆ. ಅಂತಹ ಸಮಯದಲ್ಲಿ ನೋವು ಎಲ್ಲಿ ಆರಂಭವಾಯಿತು, ಎಡತೋಳಿಗೆ, ದವಡೆಗೆ ಅಥವಾ ಬೆನ್ನಿಗೆ ಹರಡಿತೇ, ಬೆವರು ಬಂದಿತೇ, ನಡೆದಾಗ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ವೈದ್ಯರಿಗೆ ಆಧಾರ.

ಈ ಉತ್ತರಗಳು ಭಾಷೆಯಿಂದ ಭಾಷೆಗೆ ದಾಟುವಾಗ ಬದಲಾಗುವುದುಂಟು. ಇಲ್ಲಿಯ ಮಾತಿನಲ್ಲಿ "ಬ್ಯಾನಿ" ಎಂದರೆ ನೋವೂ ಹೌದು, ರೋಗವೂ ಹೌದು. ದಖನಿ ಮಾತನಾಡುವವರು "ಘಬ್ರಾಹಟ್" ಎಂದಾಗ ಅದು ಎದೆ ಬಡಿತದ ಏರುಪೇರನ್ನೂ, ಜೀವ ಕಸಿವಿಸಿಗೊಳ್ಳುವುದನ್ನೂ ಸೂಚಿಸಬಹುದು. ಜೊತೆಗಿರುವವರು ಅದನ್ನು "ಹೆದರಿಕೆ" ಎಂದಷ್ಟೇ ಹೇಳಿದರೆ ದೇಹದ ಲಕ್ಷಣವು ಮನಸ್ಸಿನ ಲಕ್ಷಣವಾಗಿ ಮಾರ್ಪಡುತ್ತದೆ. ತೆಲುಗಿನಲ್ಲಿ "ಗುಂಡೆ" ಎಂದರೆ ಹೃದಯ ಎಂಬುದನ್ನು ಅರಿಯದವರಿಗೆ ಆ ದೂರು ಬೇರೆಯಾಗಿಯೇ ಕೇಳಿಸಬಹುದು. ಎಲ್ಲಕ್ಕಿಂತ ಸಾಮಾನ್ಯವಾದುದು "ಗ್ಯಾಸ್" ಎಂಬ ಪದ. ಎದೆಯ ನಡುವಿನ ಬಿಗಿತವನ್ನೂ, ಮೇಲ್ಹೊಟ್ಟೆಯ ಉರಿಯನ್ನೂ ಜನರು ಈ ಒಂದೇ ಪದದಿಂದ ಕರೆಯುತ್ತಾರೆ. ಮಹಿಳೆಯರಲ್ಲಿ, ವೃದ್ಧರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ತೀವ್ರ ಎದೆನೋವು ಇಲ್ಲದೆಯೇ ಉಸಿರುಕಟ್ಟುವಿಕೆ, ವಾಕರಿಕೆ ಮತ್ತು ಅತೀವ ಸುಸ್ತಿನ ರೂಪದಲ್ಲಿ ಹೃದಯಾಘಾತ ಬರಬಹುದಾದ್ದರಿಂದ ಈ ಗೊಂದಲವು ಅವರಿಗೆ ಹೆಚ್ಚು ಅಪಾಯಕಾರಿ.

ಸಮಯದ ವಿಷಯವೂ ಹೀಗೆಯೇ. ನೋವು ಯಾವಾಗ ಆರಂಭವಾಯಿತು ಎಂಬ ಪ್ರಶ್ನೆಗೆ ಹಿರಿಯರು ಗಡಿಯಾರದ ಲೆಕ್ಕದಲ್ಲಿ ಉತ್ತರಿಸದೆ, ಕೋಳಿ ಕೂಗುವ ಹೊತ್ತಿಗೆ ಎಂದೋ, ಹೊಲದಲ್ಲಿ ಬುತ್ತಿ ಉಣ್ಣುವ ಹೊತ್ತಿಗೆ ಎಂದೋ, ದೀಪ ಹಚ್ಚುವ ಹೊತ್ತಿಗೆ ಎಂದೋ ಹೇಳುತ್ತಾರೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನೋವು ಆರಂಭವಾದ 12 ಗಂಟೆಗಳ ಒಳಗೆ ನೀಡಲಾಗುತ್ತದೆ. ಬೇಗ ನೀಡಿದಷ್ಟೂ ಹೃದಯದ ಸ್ನಾಯು ಹೆಚ್ಚು ಉಳಿಯುತ್ತದೆ. ಆದ್ದರಿಂದ "ಬೆಳಿಗ್ಗೆಯಿಂದ" ಎಂಬ ಒಂದು ಸಡಿಲ ಅನುವಾದವೂ ಚಿಕಿತ್ಸೆಯ ನಿರ್ಧಾರವನ್ನು ಪ್ರಭಾವಿಸಬಲ್ಲದು.

ಯಂತ್ರ ಓದಬಲ್ಲದ್ದು ಮತ್ತು ಓದಲಾಗದ್ದು

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ನಿಧನರಾದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು 2023-24ನೇ ಸಾಲಿನ ಆಯವ್ಯಯದಲ್ಲಿ ಯೋಜನೆಯೊಂದನ್ನು ಘೋಷಿಸಿ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಎಂಬ ಹೆಸರಿನಲ್ಲಿ ಜಾರಿಗೆ ತಂದಿತು. ಈ ಯೋಜನೆಯಡಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ತಂತ್ರಜ್ಞಾನದ ನೆರವಿನಿಂದ ದೂರದ ತಜ್ಞರು ಕೆಲವೇ ನಿಮಿಷಗಳಲ್ಲಿ ಪರಿಶೀಲಿಸುತ್ತಾರೆ. ಹೃದಯಾಘಾತ ದೃಢಪಟ್ಟಲ್ಲಿ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ಸ್ಥಳದಲ್ಲಿಯೇ ಉಚಿತವಾಗಿ ನೀಡಿ, ನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಈ ಔಷಧ ಉಚಿತವಾಗಿ ದೊರೆಯುವುದು ಬಡ ಕುಟುಂಬಗಳಿಗೆ ದೊಡ್ಡ ಆಸರೆ.

ಆದರೆ ಈ ಚುಚ್ಚುಮದ್ದು ಎಲ್ಲರಿಗೂ ನೀಡುವಂತಹುದಲ್ಲ. ಅದು ರಕ್ತದ ಹೆಪ್ಪನ್ನು ಕರಗಿಸುವುದರಿಂದ ದೇಹದ ಬೇರೆಡೆ, ವಿಶೇಷವಾಗಿ ಮೆದುಳಿನಲ್ಲಿ, ರಕ್ತಸ್ರಾವವಾಗುವ ಸಂಭವವಿದೆ. ಆದ್ದರಿಂದ ಅದನ್ನು ನೀಡುವ ಮೊದಲು ವೈದ್ಯರು ಕೆಲವು ಪ್ರಶ್ನೆಗಳನ್ನು ಕೇಳಲೇಬೇಕಾಗುತ್ತದೆ. ಹಿಂದೆ ಲಕ್ವಾ ಹೊಡೆದಿತ್ತೇ? ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿದೆಯೇ? ಶಸ್ತ್ರಚಿಕಿತ್ಸೆ ಆಗಿದೆಯೇ? ಮಲದಲ್ಲಿ ಅಥವಾ ವಾಂತಿಯಲ್ಲಿ ರಕ್ತ ಹೋಗಿದೆಯೇ? ರಕ್ತ ತೆಳುವಾಗಿಸುವ ಮಾತ್ರೆ ಸೇವಿಸಲಾಗುತ್ತಿದೆಯೇ? ಇಸಿಜಿ ಯಂತ್ರವು ಹೃದಯದ ವಿದ್ಯುತ್ ರೇಖೆಗಳನ್ನು ಓದಬಲ್ಲದು. ಎರಡು ತಿಂಗಳ ಹಿಂದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಸಂಗತಿಯನ್ನು ಅದು ಓದಲಾರದು. ಅದನ್ನು ರೋಗಿಯೋ ಅವರ ಕಡೆಯವರೋ ಹೇಳಬೇಕು, ಮತ್ತು ವೈದ್ಯರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಸರಿಯಾದ ಉತ್ತರ ಸಿಗದಿದ್ದರೆ ಎರಡು ಅಪಾಯಗಳಿವೆ. ಕೊಡಬಾರದವರಿಗೆ ಚುಚ್ಚುಮದ್ದು ಕೊಟ್ಟಂತಾಗಬಹುದು. ಅಥವಾ ಸಂಶಯದಿಂದ ಕೊಡಬೇಕಾದವರಿಗೆ ಕೊಡುವುದು ತಡವಾಗಬಹುದು.

ದುಭಾಷಿಯ ಕೆಲಸವನ್ನು ಈಗ ಮಾಡುತ್ತಿರುವವರು

ವೈದ್ಯಕೀಯ ದುಭಾಷಿ ಎಂಬ ಪ್ರತ್ಯೇಕ ವೃತ್ತಿಯು ನಮ್ಮ ಆಸ್ಪತ್ರೆ ವ್ಯವಸ್ಥೆಯಲ್ಲಿ ಬೆಳೆದುಬಂದಿಲ್ಲ. ಆ ಕೆಲಸವು ಮಾತ್ರ ಪ್ರತಿದಿನವೂ ನಡೆಯುತ್ತಲೇ ಇದೆ. ಆಶಾ ಕಾರ್ಯಕರ್ತೆಯರು, ಶುಶ್ರೂಷಕಿಯರು, ಗ್ರೂಪ್ 'ಡಿ' ನೌಕರರು, ಪಕ್ಕದ ಹಾಸಿಗೆಯ ರೋಗಿಯ ಸಂಬಂಧಿಕರು, ಮತ್ತು ಬಹುತೇಕ ಸಂದರ್ಭಗಳಲ್ಲಿ ರೋಗಿಯ ಮನೆಯವರೇ ದುಭಾಷಿಗಳಾಗುತ್ತಾರೆ. ಇವರ ಸೇವೆಯಿಲ್ಲದೆ ಹೊರರೋಗಿ ವಿಭಾಗ ನಡೆಯುವುದು ಕಷ್ಟ. ಆದರೂ ತರಬೇತಿಯಿಲ್ಲದ ದುಭಾಷಿಯಿಂದ ಮೂರು ಬಗೆಯ ಲೋಪಗಳು ಆಗುವ ಸಂಭವವಿದೆ.

ಮೊದಲನೆಯದು ಕಡಿತ. ರೋಗಿಯು ಐದು ನಿಮಿಷ ಹೇಳಿದ್ದನ್ನು "ಎದೆ ನೋವಂತೆ" ಎಂಬ ಒಂದು ಮಾತಿಗೆ ಇಳಿಸುವುದು. ಎರಡನೆಯದು ಸೇರ್ಪಡೆ. ರೋಗಿಯು ಹೇಳದ "ನಿನ್ನೆ ಮಿರ್ಚಿ ಭಜಿ ತಿಂದಿದ್ದರು, ಅದಕ್ಕೇ ಗ್ಯಾಸ್ ಆಗಿದೆ" ಎಂಬ ತಮ್ಮ ಅಭಿಪ್ರಾಯವನ್ನು ರೋಗಿಯ ಮಾತಾಗಿ ಹೇಳುವುದು. ಮೂರನೆಯದು ಮರೆಮಾಚುವಿಕೆ. ಇದು ಮನೆಯವರು ದುಭಾಷಿಗಳಾದಾಗ ಹೆಚ್ಚು. ಮಾವನ ಕುಡಿತದ ಪ್ರಮಾಣವನ್ನು ಸೊಸೆಯು ಮಾವನ ಎದುರಿನಲ್ಲಿಯೇ ಹೇಳುವುದು ಹೇಗೆ? ತಾಯಿಯ ಮುಟ್ಟಿನ ಅಥವಾ ಗರ್ಭದ ವಿಷಯವನ್ನು ಹನ್ನೆರಡು ವರ್ಷದ ಮಗನು ವೈದ್ಯರಿಗೆ ವಿವರಿಸುವುದು ಹೇಗೆ? ಲೈಂಗಿಕ ಶಕ್ತಿಗಾಗಿ ಸೇವಿಸುವ ಕೆಲವು ಮಾತ್ರೆಗಳು, ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ನೈಟ್ರೇಟ್ ಮಾತ್ರೆಯೊಡನೆ ಸೇರಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ. ಈ ಪ್ರಶ್ನೆಗೆ ಮಗಳ ಮೂಲಕ ನಿಜವಾದ ಉತ್ತರ ಬರುವುದೆಂದು ನಿರೀಕ್ಷಿಸಲಾಗದು. ರೋಗದ ಗಂಭೀರತೆಯನ್ನು ರೋಗಿಗೆ ತಿಳಿಸಬಾರದೆಂಬ ಕಾಳಜಿಯಿಂದ ಮಕ್ಕಳು ವೈದ್ಯರ ಮಾತನ್ನು ಬದಲಿಸಿ ಹೇಳುವುದೂ ಉಂಟು. ಅದರ ಪರಿಣಾಮವಾಗಿ "ಏನೂ ಆಗಿಲ್ಲ" ಎಂದು ನಂಬಿದ ರೋಗಿಯು ಮಾತ್ರೆಗಳನ್ನೇ ಬಿಟ್ಟುಬಿಡುತ್ತಾರೆ.

ಮಾತ್ರೆಯ ವಿಷಯದಲ್ಲಿ ಆಗುವ ತಪ್ಪು ನೇರವಾಗಿ ಹೃದಯಕ್ಕೇ ತಾಗುತ್ತದೆ. ನಾಲಿಗೆಯ ಕೆಳಗೆ ಇಡಬೇಕಾದ ಮಾತ್ರೆಯನ್ನು ನೀರಿನೊಡನೆ ನುಂಗಿದರೆ ಅದು ಬೇಕಾದ ವೇಗದಲ್ಲಿ ಕೆಲಸ ಮಾಡುವುದಿಲ್ಲ. ಸ್ಟೆಂಟ್ ಅಳವಡಿಸಿದ ನಂತರ ನೀಡುವ ರಕ್ತ ಗಟ್ಟಿಯಾಗದಂತೆ ತಡೆಯುವ ಮಾತ್ರೆಗಳನ್ನು ವೈದ್ಯರ ಸೂಚನೆಯಿಲ್ಲದೆ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಹೋಗುವ ಅಪಾಯವಿದೆ. "ಬಿ.ಪಿ. ಈಗ ಸರಿಯಾಗಿದೆ" ಎಂಬ ವೈದ್ಯರ ಮಾತನ್ನು "ಬಿ.ಪಿ. ವಾಸಿಯಾಗಿದೆ" ಎಂದು ಅನುವಾದಿಸಿದರೆ ರೋಗಿಯು ಗುಳಿಗೆ ನಿಲ್ಲಿಸುವುದು ಸಹಜ. ಗುಳಿಗೆ ತೆಗೆದುಕೊಳ್ಳುತ್ತಿರುವುದರಿಂದಲೇ ಒತ್ತಡ ಹತೋಟಿಯಲ್ಲಿದೆ ಎಂಬ ಪೂರ್ಣ ಅರ್ಥವು ದಾಟಬೇಕು.

ಕಾನೂನು ಮತ್ತು ನೀತಿಯ ಸ್ಥಿತಿ

ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ನೀಡಿದ ತೀರ್ಪಿನ ಪ್ರಕಾರ, ಚಿಕಿತ್ಸೆಗೆ ರೋಗಿಯು ನೀಡುವ ಒಪ್ಪಿಗೆಯು ಸಾಕಷ್ಟು ಮಾಹಿತಿಯನ್ನು ಆಧರಿಸಿದ ನಿಜವಾದ ಒಪ್ಪಿಗೆಯಾಗಿರಬೇಕು. ಆಂಜಿಯೋಗ್ರಾಂ ಅಥವಾ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವು ಇಂಗ್ಲಿಷಿನಲ್ಲಿದ್ದು, ಅದನ್ನು ವಿವರಿಸದೆ ಹೆಬ್ಬೆಟ್ಟಿನ ಗುರುತು ಪಡೆದರೆ ಈ ತತ್ವದ ಉದ್ದೇಶ ಈಡೇರುವುದಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಸಹ, ರೋಗದ ಸ್ವರೂಪ ಮತ್ತು ಚಿಕಿತ್ಸೆಯ ಬಗ್ಗೆ ರೋಗಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸಬೇಕೆಂಬುದನ್ನು ಹಕ್ಕೆಂದು ಪರಿಗಣಿಸಿದೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸಂವಹನದ ವ್ಯಾಖ್ಯೆಯಲ್ಲಿ ಸಂಜ್ಞಾ ಭಾಷೆಯನ್ನೂ ಸೇರಿಸಿರುವುದರಿಂದ ಶ್ರವಣದೋಷವುಳ್ಳ ರೋಗಿಗಳ ವಿಷಯವೂ ಇದೇ ಚೌಕಟ್ಟಿನಲ್ಲಿ ಬರುತ್ತದೆ.

ವೈದ್ಯಕೀಯ ಶಿಕ್ಷಣದಲ್ಲಿಯೂ ಬದಲಾವಣೆಗಳಾಗಿವೆ. 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದ ಆರಂಭಿಕ ಹಂತದಲ್ಲಿ ಸ್ಥಳೀಯ ಭಾಷೆಯ ಕಲಿಕೆಗೆ ಅವಕಾಶ ಕಲ್ಪಿಸಲಾಯಿತು. 2024ರ ಸೆಪ್ಟೆಂಬರ್ ತಿಂಗಳಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಸರ್ಕಾರಿ ವೈದ್ಯರು ಔಷಧದ ಚೀಟಿಗಳನ್ನು ಕನ್ನಡದಲ್ಲಿ ಬರೆಯುವಂತೆ ಸೂಚಿಸಲು ಆರೋಗ್ಯ ಸಚಿವರನ್ನು ಕೋರಿತು. ಇವು ಕನ್ನಡ ಬಲ್ಲ ರೋಗಿಗೆ ನೆರವಾಗುವ ಕ್ರಮಗಳು. ಓದಲು ಬಾರದವರಿಗೆ ಮತ್ತು ಕನ್ನಡ ಮನೆಮಾತಲ್ಲದವರಿಗೆ ಬಾಯಿಮಾತಿನ ಅನುವಾದದ ಅಗತ್ಯ ಹಾಗೆಯೇ ಉಳಿಯುತ್ತದೆ.

ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆ ಮತ್ತು 2010ರ ಆರೋಗ್ಯ ಕಾಯಿದೆಯ ಆಧಾರದ ಮೇಲೆ, ಕೇಂದ್ರ ಸರ್ಕಾರದ ಹಣಕಾಸು ನೆರವು ಪಡೆಯುವ ಆಸ್ಪತ್ರೆಗಳು ಭಾಷೆಯ ನೆರವನ್ನು ಉಚಿತವಾಗಿ ಒದಗಿಸಬೇಕೆಂಬ ನಿಯಮ ರೂಪುಗೊಂಡಿತು. ಅಲ್ಲಿಯ ನಿಯಮಗಳು ತುರ್ತು ಸಂದರ್ಭ ಹೊರತುಪಡಿಸಿ ಅಪ್ರಾಪ್ತ ಮಕ್ಕಳನ್ನು ದುಭಾಷಿಗಳಾಗಿ ಬಳಸುವುದನ್ನು ನಿರ್ಬಂಧಿಸಿದವು. ನಮ್ಮ ಪರಿಸ್ಥಿತಿ ಬೇರೆಯಾದರೂ ಮಕ್ಕಳ ಹೆಗಲಿಗೆ ಈ ಭಾರ ಹೊರಿಸಬಾರದೆಂಬ ವಿವೇಕ ಇಲ್ಲಿಗೂ ಅನ್ವಯಿಸುತ್ತದೆ.

ಜಿಲ್ಲೆಯ ನಾಗರಿಕರಿಗೆ ಲಭ್ಯವಿರುವ ಸೇವೆಗಳು

1. ತುರ್ತು ವಾಹನ: 108 ಸಂಖ್ಯೆಗೆ ಕರೆ ಮಾಡಿ ಉಚಿತ ಆಂಬುಲೆನ್ಸ್ ಸೇವೆ ಪಡೆಯಬಹುದು. ಈ ಸೇವೆಯು ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಆರೋಗ್ಯ ಸಲಹೆಗಾಗಿ 104 ಸಂಖ್ಯೆಯ ಸಹಾಯವಾಣಿ ಇದೆ.

2. ಹೃದ್ರೋಗ ಚಿಕಿತ್ಸೆ: ಪ್ರಾಥಮಿಕ ಹಂತದ ಚಿಕಿತ್ಸೆಯ ನಂತರ ತಜ್ಞರ ಸೇವೆ ಬೇಕಾದಲ್ಲಿ, ಯಾದಗಿರಿಯಿಂದ ಸುಮಾರು 80 ಕಿ.ಮೀ. ದೂರದ ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ ಆಸ್ಪತ್ರೆ ಇದೆ. ಅದರ 371 ಹಾಸಿಗೆಗಳ ಹೊಸ ಕಟ್ಟಡವು 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಅದಕ್ಕೂ ಮೊದಲು ಈ ಭಾಗದ ಅನೇಕ ರೋಗಿಗಳು ಹೈದರಾಬಾದ್, ಸೊಲ್ಲಾಪುರ ಅಥವಾ ಬೆಂಗಳೂರಿನ ದಾರಿ ಹಿಡಿಯಬೇಕಾಗಿತ್ತು.

3. ವೆಚ್ಚದ ನೆರವು: ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ ರೂ. 5.00 ಲಕ್ಷದವರೆಗೆ, ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡಾ 30ರಂತೆ ರೂ. 1.50 ಲಕ್ಷದವರೆಗೆ ನೆರವು ಇದೆ. ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಗೆ ಒಯ್ಯತಕ್ಕದ್ದು. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಇದು ಅನ್ವಯಿಸುವುದಿಲ್ಲ.

4. ಮನೆಬಾಗಿಲಿನ ತಪಾಸಣೆ: 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ ನಂತರ ವಿಸ್ತರಿಸಲಾದ ಗೃಹ ಆರೋಗ್ಯ ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆಗಳಿಗೆ ಭೇಟಿ ನೀಡಿ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ತಪಾಸಣೆ ನಡೆಸುತ್ತಾರೆ. ಮನೆಯಲ್ಲಿ, ಗೊತ್ತಿರುವ ಆಶಾ ಕಾರ್ಯಕರ್ತೆಯ ಎದುರಿನಲ್ಲಿ, ಮನೆಮಾತಿನಲ್ಲಿಯೇ ತೊಂದರೆ ಹೇಳಿಕೊಳ್ಳಲು ಇದು ಒಳ್ಳೆಯ ಅವಕಾಶ.

5. ಮಕ್ಕಳ ತಪಾಸಣೆ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಶಾಲೆಗಳಲ್ಲಿ ನಡೆಯುವ ತಪಾಸಣೆಯು ಮಕ್ಕಳ ಹುಟ್ಟು ಹೃದ್ರೋಗವನ್ನು ಪತ್ತೆ ಹಚ್ಚಲು ನೆರವಾಗುತ್ತದೆ.

ವೈದ್ಯರ ಭೇಟಿಯಲ್ಲಿ ಅನುಸರಿಸಬೇಕಾದ ಕ್ರಮಗಳು

ವೈದ್ಯರ ಭಾಷೆ ಸರಿಯಾಗಿ ಬಾರದಿದ್ದಲ್ಲಿ ನೋಂದಣಿ ಸಮಯದಲ್ಲಿಯೇ ಅದನ್ನು ತಿಳಿಸುವುದು ಸೂಕ್ತ. ಲಂಬಾಣಿ, ತೆಲುಗು ಅಥವಾ ಉರ್ದು ಬಲ್ಲ ಶುಶ್ರೂಷಕಿ ಅಥವಾ ಸಿಬ್ಬಂದಿ ಇದ್ದಾರೆಯೇ ಎಂದು ವಿಚಾರಿಸಲು ಸಂಕೋಚಪಡಬೇಕಾಗಿಲ್ಲ. ಮನೆಯಿಂದ ಒಬ್ಬರನ್ನು ಕರೆತರುವುದಾದರೆ ಎರಡೂ ಭಾಷೆ ಬಲ್ಲ ವಯಸ್ಕರನ್ನು, ಮತ್ತು ರೋಗಿಯು ಮುಚ್ಚುಮರೆಯಿಲ್ಲದೆ ಮಾತನಾಡಬಲ್ಲವರನ್ನು ಆರಿಸಿಕೊಳ್ಳತಕ್ಕದ್ದು. ಮಹಿಳಾ ರೋಗಿಗೆ ಮಹಿಳೆಯೇ ಜೊತೆಗಿದ್ದರೆ ಅನುಕೂಲ. ತೀವ್ರ ಎದೆನೋವು ಇದ್ದಾಗ ಮಾತ್ರ ದುಭಾಷಿಗಾಗಿ ಕಾಯುತ್ತ ಕೂರಬಾರದು. ಹತ್ತಿರದ ಆಸ್ಪತ್ರೆ ತಲುಪಿ, ಎದೆಯ ಮೇಲೆ ಕೈಯಿಟ್ಟು ತೋರಿಸಿದರೂ ಇಸಿಜಿ ಆರಂಭಿಸಲು ಅಷ್ಟು ಸಾಕು. ಉಳಿದ ಮಾತು ದೂರವಾಣಿಯ ಮೂಲಕವೂ ಆಗಬಹುದು.

ದುಭಾಷಿಯಾಗಿ ನಿಲ್ಲುವವರು ರೋಗಿಯ ಮಾತನ್ನು ಇದ್ದಂತೆಯೇ, "ನನಗೆ ಎದೆ ಬಿಗಿಯುತ್ತಿದೆ" ಎಂಬ ರೋಗಿಯ ಧಾಟಿಯಲ್ಲಿಯೇ ಹೇಳಬೇಕು. ನಡುವೆ ತಮ್ಮ ಊಹೆ ಸೇರಿಸಬಾರದು. ಪದಕ್ಕೆ ಸಮಾನ ಪದ ಹೊಳೆಯದಿದ್ದರೆ ರೋಗಿಯ ಪದವನ್ನೇ ಹೇಳಿ ಅದರ ಅರ್ಥವನ್ನು ವಿವರಿಸಬೇಕು. ಹೊತ್ತನ್ನು ಗಂಟೆಗೆ ಪರಿವರ್ತಿಸುವಾಗ ರೋಗಿಯು ಹೇಳಿದ ಹೊತ್ತನ್ನೂ ತಿಳಿಸಬೇಕು. ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಬೇಕು. ಕೇಳಿದ ವಿಷಯವನ್ನು ಊರಿನಲ್ಲಿ ಬೇರೆಯವರೊಡನೆ ಆಡಬಾರದು. ರೋಗಿಯು ವೈದ್ಯರನ್ನು ನೋಡಿ ಮಾತನಾಡುವುದು, ಒಂದು ಸಲಕ್ಕೆ ಎರಡು ಮೂರು ವಾಕ್ಯಗಳನ್ನಷ್ಟೇ ಹೇಳುವುದು ಅನುವಾದವನ್ನು ಸುಲಭಗೊಳಿಸುತ್ತದೆ.

ಹೊರಡುವ ಮುನ್ನ ವೈದ್ಯರು ಹೇಳಿದ್ದನ್ನು ರೋಗಿಯು ತನ್ನ ಭಾಷೆಯಲ್ಲಿ ತಿರುಗಿ ಹೇಳಬೇಕು. ದುಭಾಷಿಯು ಅದನ್ನು ವೈದ್ಯರಿಗೆ ತಿಳಿಸಬೇಕು. ಎಲ್ಲಿ ತಪ್ಪಿದೆ ಎಂಬುದು ಆಗಲೇ ಬೆಳಕಿಗೆ ಬರುತ್ತದೆ. ಬೆಳಗಿನ ಮಾತ್ರೆಯ ಪಟ್ಟಿಯ ಮೇಲೆ ಸೂರ್ಯನ ಚಿತ್ರವನ್ನೂ ರಾತ್ರಿಯ ಮಾತ್ರೆಗೆ ಚಂದ್ರನ ಚಿತ್ರವನ್ನೂ ಬರೆಸಿಕೊಳ್ಳಬಹುದು. ಹಳೆಯ ಚೀಟಿ, ಇಸಿಜಿ ಪ್ರತಿ ಮತ್ತು ಖಾಲಿ ಮಾತ್ರೆ ಪಟ್ಟಿಗಳನ್ನು ಒಂದೇ ಚೀಲದಲ್ಲಿಟ್ಟು ಪ್ರತಿ ಭೇಟಿಗೂ ಒಯ್ಯುವುದು ಅಗತ್ಯ. ಗುಳೆ ಹೋಗುವವರು ಈ ಚೀಲವನ್ನು ಊರಿನಲ್ಲಿ ಬಿಟ್ಟು ಹೋಗಬಾರದು. ಭಾಷೆ ಬಾರದ ಊರಿನಲ್ಲಿ ಅವರ ಪರವಾಗಿ ಮಾತನಾಡುವುದು ಆ ಕಾಗದಗಳೇ.

ಹೃದಯದ ರಕ್ಷಣೆ

ಆಸ್ಪತ್ರೆಯ ಮಾತು ಎಷ್ಟು ಸ್ಪಷ್ಟವಾದರೂ ಹೃದಯವನ್ನು ಉಳಿಸುವ ಕೆಲಸ ನಡೆಯುವುದು ಮನೆಯಲ್ಲಿ. ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪು ಮತ್ತು ಕಾಳಿನ ಪಲ್ಯಗಳಿರುವ ಈ ಭಾಗದ ಊಟವು ಹೃದಯಕ್ಕೆ ಹಿತವಾದದ್ದೇ. ಅದರ ಜೊತೆಗೆ ಸೇರುವ ಉಪ್ಪಿನಕಾಯಿ, ಹಪ್ಪಳ, ಕರಿದ ತಿನಿಸು ಮತ್ತು ಅತಿಯಾದ ಉಪ್ಪನ್ನು ಮಿತಗೊಳಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ಬೀಡಿ, ಸಿಗರೇಟು, ಗುಟ್ಕಾ ಮತ್ತು ತಂಬಾಕಿನ ಯಾವ ರೂಪವೂ ಹೃದಯಕ್ಕೆ ಹಾನಿಕರ. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆ ಅಥವಾ ಅದಕ್ಕೆ ಸಮನಾದ ಶ್ರಮ ಬೇಕು.

ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾಗಿರುವುದು ಪುನಃ ಪುನಃ ಕಂಡುಬಂದಲ್ಲಿ ಚಿಕಿತ್ಸೆ ಅಗತ್ಯ. ಬಹುತೇಕರಿಗೆ ಇದರಿಂದ ಯಾವ ನೋವೂ ಆಗುವುದಿಲ್ಲವಾದ್ದರಿಂದ ತೊಂದರೆ ಇಲ್ಲದಿದ್ದರೂ 30 ವರ್ಷ ಮೇಲ್ಪಟ್ಟವರು ತಪಾಸಣೆ ಮಾಡಿಸಿಕೊಳ್ಳುವುದು ಒಳಿತು. ಮಕ್ಕಳಲ್ಲಿ ಪದೇ ಪದೇ ಗಂಟಲು ನೋವು, ನಂತರ ಜ್ವರದೊಡನೆ ಕೀಲುಗಳಲ್ಲಿ ಬಾವು ಕಂಡುಬಂದರೆ ನಿರ್ಲಕ್ಷಿಸಬಾರದು. ಅದು ಹೃದಯದ ಕವಾಟಗಳಿಗೆ ಹಾನಿ ಮಾಡುವ ರುಮ್ಯಾಟಿಕ್ ಜ್ವರವಾಗಿರಬಹುದು. ಅದಕ್ಕೆ ಮೂರು ನಾಲ್ಕು ವಾರಗಳಿಗೊಮ್ಮೆ, ವರ್ಷಗಟ್ಟಲೆ, ಪೆನಿಸಿಲಿನ್ ಚುಚ್ಚುಮದ್ದು ಬೇಕಾಗುತ್ತದೆ. ಮಗು ಆರಾಮವಾಗಿ ಆಡುತ್ತಿರುವಾಗಲೂ ಸೂಜಿ ಏಕೆ ಎಂಬುದು ತಾಯಿಗೆ ಅವಳ ಭಾಷೆಯಲ್ಲಿ ತಿಳಿಯದಿದ್ದರೆ ಈ ಚಿಕಿತ್ಸೆ ನಡುವೆಯೇ ನಿಲ್ಲುತ್ತದೆ.

ಎದೆಯಲ್ಲಿ ಬಿಗಿತ ಅಥವಾ ಭಾರ, ತಣ್ಣನೆಯ ಬೆವರು, ಉಸಿರುಕಟ್ಟುವಿಕೆ, ತೋಳು ಅಥವಾ ದವಡೆಗೆ ಹರಡುವ ನೋವು ಕಂಡುಬಂದ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ಸೋಡಾ ಕುಡಿದು, ಮಸಾಜು ಮಾಡಿಸಿಕೊಂಡು ಬೆಳಗಾಗುವವರೆಗೆ ಕಾಯುವುದು ಅಪಾಯಕಾರಿ. ರೋಗಿಯನ್ನು ನಡೆಸಬಾರದು, ಬೈಕಿನಲ್ಲಿ ತಾನೇ ಓಡಿಸಿಕೊಂಡು ಹೋಗಲು ಬಿಡಬಾರದು.

ಉಪಸಂಹಾರ

ಕಲಬುರಗಿಯ ಹೊಸ ಆಸ್ಪತ್ರೆ, ಯಾದಗಿರಿಯ ವೈದ್ಯಕೀಯ ಕಾಲೇಜು ಮತ್ತು ಹೃದಯ ಜ್ಯೋತಿ ಯೋಜನೆ ಇವುಗಳಿಂದ ಈ ಭಾಗದಲ್ಲಿ ಹೃದ್ರೋಗಿಗಳಿಗೆ ಇದ್ದ ದೂರವು ಕಡಿಮೆಯಾಗಿದೆ. ಉಳಿದಿರುವುದು ಮಾತಿನ ದೂರ. ಅದನ್ನು ಕಡಿಮೆ ಮಾಡಲು ದೊಡ್ಡ ಕಟ್ಟಡಗಳ ಅಗತ್ಯವಿಲ್ಲ. ರೋಗಿಯ ಮನೆಮಾತನ್ನು ಹೊರರೋಗಿ ಚೀಟಿಯಲ್ಲಿ ನಮೂದಿಸುವುದು, ಯಾವ ಸಿಬ್ಬಂದಿಗೆ ಯಾವ ಭಾಷೆ ಬರುತ್ತದೆ ಎಂಬ ಪಟ್ಟಿಯನ್ನು ತುರ್ತು ಚಿಕಿತ್ಸಾ ಘಟಕದಲ್ಲಿ ಇಡುವುದು, ಈಗಾಗಲೇ ದುಭಾಷಿಗಳಾಗಿ ದುಡಿಯುತ್ತಿರುವ ಆಶಾ ಕಾರ್ಯಕರ್ತೆಯರಿಗೂ ಶುಶ್ರೂಷಕಿಯರಿಗೂ ಆ ಕೆಲಸದ ತರಬೇತಿ ಮತ್ತು ಮನ್ನಣೆ ನೀಡುವುದು, ಚುಚ್ಚುಮದ್ದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನು ಲಂಬಾಣಿ, ಉರ್ದು ಮತ್ತು ತೆಲುಗಿನಲ್ಲಿ ಮೊದಲೇ ಧ್ವನಿಮುದ್ರಿಸಿ ಇಟ್ಟುಕೊಳ್ಳುವುದು ಇವು ಅಲ್ಪ ವೆಚ್ಚದಲ್ಲಿ ಆಗಬಹುದಾದ ಕ್ರಮಗಳು.

ನಾಗರಿಕರ ಕಡೆಯಿಂದ ಆಗಬೇಕಾದುದು ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಹೇಳುವುದು. ವೈದ್ಯರ ಮುಂದೆ ತಲೆಯಾಡಿಸಿ ಹೊರಬಂದು, ಚೀಟಿಯಲ್ಲಿ ಏನಿದೆ ಎಂದು ಔಷಧದ ಅಂಗಡಿಯವರನ್ನು ಕೇಳುವ ರೂಢಿ ಹೋಗಬೇಕಾಗಿದೆ. ಇನ್ನೊಮ್ಮೆ ಹೇಳಿ ಎಂದು ಕೇಳುವುದು ಅಗೌರವವಲ್ಲ. ಅದು ಚಿಕಿತ್ಸೆಯ ಒಂದು ಭಾಗ. ಎದೆನೋವಿನ ಆ ಮೊದಲ ಗಂಟೆಯಲ್ಲಿ ಸರಿಯಾಗಿ ಹೇಳಿದ ಮತ್ತು ಸರಿಯಾಗಿ ಕೇಳಿಸಿಕೊಂಡ ಮಾತು ಜೀವ ಉಳಿಸಬಲ್ಲದು.